ಪಿಂಕನಿಯೂ ಮಲ್ಲಯ್ಯನ ಪೆಟ್ಟೂ

“ಪ್ಲೇಟಿನ್ಯಾಗ ಏನದ, ನನ್ನ ಕ್ಲಾರಿನೆಟ್ಟಿನ್ಯಾಗ ಅದೇ ಅದ. ಎಳ್ಳುಕಾಳಿನಷ್ಟು ಫರಕ್ ತೋರಿಸ್ರಿ, ಈ ಟೋಪಿ ತಗದು ನಿಮ್ಮ ಕೈಯಾಗ ಕೊಟ್ಟುಬಿಡ್ತೀನಿ!”

ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬ್ಯಾಂಡ್ ಮಾಸ್ತರ್ ಮೆಹಬೂಬ್ ಪಾಷಾ ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ ಎದುರಿನ ಚಹಾದಂಗಡಿಯ ಗೋಡೆಗೂ ಅದು ಬಾಯಿಪಾಠವಾಗಿತ್ತು. ಟೋಪಿಯೇನು ಸಾಮಾನ್ಯದ್ದಲ್ಲ. ಕೆಂಪು ಮಖಮಲ್ಲು, ಮುಂದೆ ಕರಿಯ ಚುಂಚು, ಸುತ್ತಲೂ ಜರಿಯ ಹೆಣಿಗೆ. ಅದನ್ನು ಹಾಕಿಕೊಂಡು ಪಾಷಾ ರಸ್ತೆಗಿಳಿದನೆಂದರೆ ಸಿಂಧನೂರು ಬಸ್ಸಿನ ಡ್ರೈವರು ಯಾರೋ ದೊಡ್ಡ ಸಾಹೇಬರೆಂದು ತಿಳಿದು ಬಸ್ಸು ನಿಲ್ಲಿಸಿ, ಇಳಿದು ಬಂದು ಸಲಾಮು ಹೊಡೆದದ್ದುಂಟು. ಆ ಬಸ್ಸಿಗೆ ಆ ದಿನ ಬ್ರೇಕೇ ಇರಲಿಲ್ಲ, ಟೋಪಿ ನೋಡಿಯೇ ನಿಂತಿತು ಎಂದು ಪಾಷಾ ಸೇರಿಸುತ್ತಿದ್ದ.

ಪ್ಲೇಟು ಎಂದರೆ ಗ್ರಾಮಫೋನ್ ತಟ್ಟೆ. ಅದರಲ್ಲಿ ಪಿಯಾನೋ ಬಾರಿಸಿದ್ದವನು ಎಲ್ಮೋರ್ ಪಿಂಕ್ನಿ ಎಂಬ ಅಮೆರಿಕದವನು. ಪಾಷಾ ಹುಟ್ಟುವ ಹೊತ್ತಿಗಾಗಲೇ ನ್ಯೂಯಾರ್ಕಿನಲ್ಲಿ ಬಾರಿಸಿ, ದಣಿದು, ಯಾರ ನೆನಪಿನಲ್ಲೂ ಉಳಿಯದೆ ಹೋದವನು. ಅವನು ಬಾರಿಸುತ್ತಿದ್ದ ಸಂಗೀತಕ್ಕೆ ಬೀಬಾಪ್ ಎಂದು ಹೆಸರು. ಹೆಸರು ಮಕ್ಕಳ ತಿಂಡಿಯ ಹಾಗಿದೆ. ಕೇಳಲು ಕೂತರೆ ಮಾತ್ರ ಸಂತೆಯಲ್ಲಿ ಎಮ್ಮೆಗಳು ಬೆದರಿದ ಹಾಗೆ. ಸ್ವರಗಳೆಲ್ಲ ದಿಕ್ಕಾಪಾಲಾಗಿ ಓಡುತ್ತವೆ. ಇನ್ನೇನು ಕುಂಬಾರನ ಗಡಿಗೆಗಳ ಮೇಲೆ ಬಿದ್ದವು ಎನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದು, ಒಂದು ಗಡಿಗೆಯನ್ನೂ ಒಡೆಯದೆ ದಾಟಿ, ತಮ್ಮ ತಮ್ಮ ಗೋದಲಿಯ ಮುಂದೆ ಏನೂ ಆಗಿಲ್ಲವೆಂಬಂತೆ ಬಂದು ನಿಲ್ಲುತ್ತವೆ.

ಇಂಥ ಸಂಗೀತ ಮಾನ್ವಿ ತಾಲೂಕಿನ ಮದುವೆಗಳಿಗೆ ಬಂದದ್ದಕ್ಕೆ ಕಾರಣ ಪಾಷಾನ ಸೀನು. ಅವನ ಅಪ್ಪ ಗುಲಾಮ್ ದಸ್ತಗೀರ್ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಅಂಡಿಗೆ ಹೊರುತ್ತಿದ್ದ. ಮೀಸೆ ಮೂಡಿದ ಮಗನನ್ನೂ ಅಲ್ಲಿಗೇ ಸೇರಿಸಿದ. ಹತ್ತಿಯ ಎಳೆ ಮೂಗಿಗೆ ಹೊಕ್ಕು ಮಗ ಸೀನತೊಡಗಿದ. ಒಂದು ಸೀನಿಗೆ ಒಂದು ಅಂಡಿಗೆ ಹತ್ತಿ ಎದ್ದು ತುಂಗಭದ್ರೆಯ ಆಚೆ ದಡಕ್ಕೆ ಹೋಗಿ ಬೀಳುತ್ತಿತ್ತಂತೆ. ಕಾರ್ಖಾನೆಯ ಮಾಲೀಕ ಕೈಮುಗಿದು, “ದಸ್ತಗೀರ್, ಈ ಗಾಳಿ ಬ್ಯಾರೆ ಎಲ್ಲ್ಯರ ಉಪಯೋಗ ಆಗತೈತೇನು ನೋಡಪ್ಪ” ಎಂದ. ಅಪ್ಪ ಮಗನನ್ನು ಕರೆದುಕೊಂಡು ಹೋಗಿ ಅದೇ ಊರಿನ ತೀನ್ ಕಂದೀಲ್ ಚೌಕದ ಹತ್ತಿರ ಬ್ಯಾಂಡ್ ಇಟ್ಟುಕೊಂಡಿದ್ದ ಪೀರಾ ಸಾಬರ ಮುಂದೆ ನಿಲ್ಲಿಸಿದ. ಪೀರಾ ಸಾಬರು ಒಂದು ಕ್ಲಾರಿನೆಟ್ಟು ಕೊಟ್ಟು ಊದಲು ಹೇಳಿದರು. ಪಾಷಾ ಊದಿದ. ಎದುರು ಗೋಡೆಯ ಸುಣ್ಣ ಉದುರಿತು. ಕೆಲಸ ಸಿಕ್ಕಿತು.

ಪೀರಾ ಸಾಬರ ಹತ್ತಿರ ಗುಜರಿ ಅಂಗಡಿಯಿಂದ ತಂದ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು. ಅದರ ಜೊತೆ ಬಂದದ್ದು ಒಂದೇ ಪ್ಲೇಟು, ಪಿಂಕ್ನಿಯದು. ಬೇರೆ ಪ್ಲೇಟು ಕೊಳ್ಳುವ ಮನಸ್ಸು ಪೀರಾ ಸಾಬರಿಗೆ ಬರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಅದನ್ನೇ ಹಾಕಿ, ಮೇಜಿನ ಪಕ್ಕ ಒರಗಿ ಬೀಡಿ ಹಚ್ಚುತ್ತಿದ್ದರು. ಧಾಟಿ ಅರ್ಧಕ್ಕೆ ಬರುವಾಗ ಒಂದು ತುಣುಕು ಬರುತ್ತಿತ್ತು: ಟಿರಿಕಿ ಟಿರಿಕಿ ಟಂ. ಮತ್ತೆ ಅದೇ, ಟಿರಿಕಿ ಟಿರಿಕಿ ಟಂ. ಮತ್ತೆ ಮತ್ತೆ ಅದೇ. ಬೀಡಿ ಮುಗಿಯುವ ತನಕ ಅದೇ. ಆಮೇಲೆ ಪೀರಾ ಸಾಬರು ಅಂಗೈ ಎತ್ತಿ ಮೇಜಿಗೆ ಒಂದು ಪೆಟ್ಟು ಕೊಡುತ್ತಿದ್ದರು. ಧಡ್! ಧಾಟಿ ಚಂಗನೆ ಹಾರಿ ಮುಂದಿನ ಓಟಕ್ಕೆ ಬೀಳುತ್ತಿತ್ತು.

ಪಾಷಾನಿಗೆ ಮೈ ಜುಮ್ಮೆಂದಿತು. ಪ್ಲೇಟಿನ ಒಳಗೆ ಕೂತವನು ಉಸ್ತಾದರ ಪೆಟ್ಟಿಗೆ ಕಾಯುತ್ತಾನೆ! ವಿಲಾಯತಿಯವರ ಸಂಗೀತ, ಅವರ ಕಾಯಿದೆ ಹೀಗೇ ಇರಬೇಕು ಎಂದುಕೊಂಡ. ಪೀರಾ ಸಾಬರು ಕಲಿಸಿದ್ದು ಒಂದೇ ಪಾಠ: “ಪ್ಲೇಟಿನ್ಯಾಗ ಹೆಂಗ ಬರ್ತದ, ಹಂಗ ಬಾರಿಸು. ನಿನ್ನ ಶಾಣ್ಯಾತನ ಅದರಾಗ ಬೆರಸಬ್ಯಾಡ.” ಪಾಷಾ ಬೆರಸಲಿಲ್ಲ. ಟಿರಿಕಿ ಟಿರಿಕಿ ಟಂ ಎಂದು ಊದುತ್ತ ನಿಲ್ಲುತ್ತಿದ್ದ. ದೊಡ್ಡ ಡ್ರಮ್ಮಿನವನು ಒಂದು ಪೆಟ್ಟು ಹಾಕಿದ ಮೇಲೇ ಮುಂದಕ್ಕೆ ಹೋಗುತ್ತಿದ್ದ. ಪೀರಾ ಸಾಬರಿಗೆ ಎಲ್ಲ ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅವರು ಈಗಿಲ್ಲ. ಪ್ಲೇಟೂ ಇಲ್ಲ. ರಾಯಚೂರಿನ ಒಂದು ಬೇಸಿಗೆಯಲ್ಲಿ ಅದನ್ನು ಕಿಟಕಿಯ ಹತ್ತಿರ ಮರೆತಿದ್ದರು, ಸಂಜೆ ನೋಡಿದರೆ ಹಪ್ಪಳವಾಗಿ ಸುರುಳಿ ಸುತ್ತಿಕೊಂಡಿತ್ತು. ಮನೆಗೆ ಬಂದ ಬೀಗರೊಬ್ಬರು ಮುರಿದು ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆಯಾಗಿದೆ ಎಂದರಂತೆ.

ಉಸ್ತಾದರು ಹೋಗುವಾಗ ಟೋಪಿಯನ್ನು ಪಾಷಾನ ತಲೆಗಿಟ್ಟು ಹೋದರು. ಅವನು ಮಾನ್ವಿಯಲ್ಲಿ ತನ್ನದೇ ಬ್ಯಾಂಡ್ ಕಟ್ಟಿದ. ಧಾಟಿಗೆ ಜನರ ಬಾಯಲ್ಲಿ ‘ಪಿಂಕನಿ’ ಎಂದೇ ಹೆಸರಾಯಿತು.

ಪದ್ಧತಿಯೊಂದು ಹುಟ್ಟಿದ್ದು ನೀರಮಾನ್ವಿಯ ಒಂದು ಮದುವೆಯಲ್ಲಿ. ಮೆರವಣಿಗೆ ಮಂಟಪದ ಬಾಗಿಲಿಗೆ ಬಂದಿತ್ತು. ಪಾಷಾ ಟಿರಿಕಿ ಟಿರಿಕಿ ಟಂ ಎನ್ನುತ್ತಿದ್ದ. ಪೆಟ್ಟು ಹಾಕಬೇಕಾದ ಡ್ರಮ್ಮಿನ ಮತೀನ್ ಡ್ರಮ್ಮನ್ನು ನೆಲಕ್ಕಿಟ್ಟು ನೀರು ಕುಡಿಯಲು ಹೋಗಿಬಿಟ್ಟಿದ್ದ. ಧಾಟಿ ಮುಂದೆ ಹೋಗುತ್ತಿಲ್ಲ, ಮೆರವಣಿಗೆಯೂ ಹೋಗುತ್ತಿಲ್ಲ, ಬಿಸಿಲಿಗೆ ಮದುಮಗನ ಬಾಸಿಂಗ ಬಾಡುತ್ತಿದೆ. ಹುಡುಗಿಯ ಸ್ವಾದರಮಾವನಿಗೆ ಸಿಟ್ಟು ಬಂದು, “ಏನು ಹಚ್ಚೀರಿಲೇ ಇದು!” ಎಂದು ಡ್ರಮ್ಮಿಗೆ ಒಂದು ಬಿಟ್ಟ. ಪಿಂಕನಿ ಚಂಗನೆ ಹಾರಿತು, ಜನ ಹೋ ಎಂದು ಕುಣಿಯುತ್ತ ಒಳಗೆ ನುಗ್ಗಿದರು. ಮುಂದಿನ ಮದುವೆಯವರು ತಮಗೂ ಹಾಗೇ ಬೇಕು ಎಂದರು. ಕೆಲವೇ ವರ್ಷಗಳಲ್ಲಿ ಅದು ಅರಿಷಿಣ ಹಚ್ಚಿದಷ್ಟೇ ಗಟ್ಟಿಯಾದ ಶಾಸ್ತ್ರವಾಯಿತು. ಮಂಟಪದ ಬಾಗಿಲಲ್ಲಿ ಪಿಂಕನಿ ಸಿಕ್ಕಿಕೊಳ್ಳಬೇಕು. ಸ್ವಾದರಮಾವ ಮುನಿಸಿಕೊಂಡವನಂತೆ ಕೈಕಟ್ಟಿ ನಿಲ್ಲಬೇಕು. ಗಂಡಿನ ಕಡೆಯವರು ಎಲೆ ಅಡಿಕೆ ಹಿಡಿದು, ಗದ್ದ ಹಿಡಿದು, ರಮಿಸಬೇಕು. ಆಮೇಲೆ ಮಾವ ಡ್ರಮ್ಮಿಗೆ ಪೆಟ್ಟು ಕೊಟ್ಟು ದಾರಿ ಬಿಡಬೇಕು. ಕವಿತಾಳದ ಒಬ್ಬ ಮಾವ ಎಷ್ಟು ಹೊತ್ತು ಹಟ ಹಿಡಿದನೆಂದರೆ ಮದುಮಗನಿಗೆ ಗಡ್ಡ ಬೆಳೆದು, ಮುಹೂರ್ತಕ್ಕೆ ಮೊದಲು ಇನ್ನೊಮ್ಮೆ ಕ್ಷೌರ ಮಾಡಿಸಬೇಕಾಯಿತು. ಹಿಂದೂಗಳ ಮದುವೆಯಿಂದ ಅದು ಮುಸ್ಲಿಮರ ಬಾರಾತಿಗೂ ಬಂತು. ಪಾಷಾನ ಸ್ವಂತ ಮದುವೆಯಲ್ಲೂ, ಹೆಂಡತಿ ವಾಹಿದಾಳ ಮಾಮೂ ಎಲೆ ಅಡಿಕೆ ಸಾಲದೆಂದು ಬಿರಿಯಾನಿ ಬಂದ ಮೇಲೇ ಕೈ ಎತ್ತಿದ್ದು.

ಹೀಗೆ ಪಾಷಾ ಊದುತ್ತಲೇ ಮುದುಕನಾದ. ಹಲ್ಲು ಹೋದವು, ಕಟ್ಟಿಸಿದ ಹಲ್ಲಿನ ಮೇಲೆ ಊದಿದ. ಒಮ್ಮೆ ಮೇಲಿನ ಸಾಲು ಹಾರಿ ಬೀಗಿತ್ತಿಯ ಸೆರಗಿನಲ್ಲಿ ಬಿತ್ತು. ಹಲ್ಲಿಲ್ಲದೆ ಊದಿದ್ದು ಇನ್ನೂ ಸೊಗಸಾಗಿತ್ತು ಎಂದು ಜನ ಹೇಳಿದರು. ಊರಿಗೆ ಡಿಜೆ ಬಂತು. ಎಷ್ಟೋ ಬ್ಯಾಂಡ್‌ಗಳು ಮುಚ್ಚಿಹೋದವು. ಪಾಷಾನ ಬ್ಯಾಂಡು ಉಳಿಯಿತು, ಯಾಕೆಂದರೆ ಡಿಜೆಗೆ ಗುದ್ದಿದರೆ ಶಾಕ್ ಹೊಡೆಯುತ್ತದೆ.

ಪಾಷಾನ ಅಕ್ಕನ ಮಗ ನಯೀಮ್. ಬ್ಯಾಂಡಿನಲ್ಲಿ ಕೀಬೋರ್ಡ್ ಬಾರಿಸುತ್ತಾನೆ, ಇಬ್ಬರು ಮಕ್ಕಳ ತಂದೆ, ಆದರೂ ಮಾಮೂನ ಕಾಲೆಳೆಯದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಅವನು ವರ್ಷಕ್ಕೊಮ್ಮೆಯಾದರೂ ಫೋನಿನಲ್ಲಿ ಪಿಂಕ್ನಿಯ ಹೆಸರು ಹುಡುಕುತ್ತಿದ್ದ. ಏನೂ ಸಿಗುತ್ತಿರಲಿಲ್ಲ. ಈ ಸಲದ ಬೇಸಿಗೆಯಲ್ಲಿ ಸಿಕ್ಕಿತು. ಅಮೆರಿಕದ ಯಾವುದೋ ಕಂಪನಿ ಎಲ್ಮೋರ್ ಪಿಂಕ್ನಿಯ ಹಳೆಯ ರೆಕಾರ್ಡಿಂಗುಗಳ ಮೂಲ ಟೇಪನ್ನು ಹುಡುಕಿ, ಧೂಳು ಝಾಡಿಸಿ, ಎಲ್ಲವನ್ನೂ ಹೊಸದಾಗಿ ಹೊರಗೆ ತಂದಿತ್ತು. ಸತ್ತು ಯಾವ ಕಾಲವೋ ಆದ ಮನುಷ್ಯ ಎಣ್ಣೆ ನೀರು ಹಾಕಿಸಿಕೊಂಡು, ಕ್ರಾಪು ತೆಗೆದು ಮತ್ತೆ ಬಂದಿದ್ದ.

ಸುದ್ದಿ ಕೇಳಿ ಪಾಷಾನ ಕಣ್ಣು ತುಂಬಿದವು. ಕೂಡಲೇ ಓಣಿಗೆಲ್ಲ ಹೇಳಿ ಕಳಿಸಿದ.

“ಬರ್ರಿ, ಎಲ್ಲಾರೂ ಬರ್ರಿ! ಇಷ್ಟು ವರ್ಷ ನನ್ನ ಮಾತು ನಂಬದವರು ಮುಂದ ಕುಂದರ್ರಿ. ನಯೀಮ್, ಜೋರ್ ಹಚ್ಚು!”

ಬ್ಯಾಂಡಿನ ಅಂಗಡಿಯ ಮುಂದೆ ಕುರ್ಚಿ ಹಾಕಿದರು. ಚಹಾದಂಗಡಿಯವನು ಒಲೆ ಆರಿಸಿ ಬಂದ. ನಯೀಮ್ ಫೋನನ್ನು ಸ್ಪೀಕರಿಗೆ ಜೋಡಿಸಿದ.

ಪಿಂಕನಿ ಶುರುವಾಯಿತು. ಅದೇ ಧಾಟಿ! ಅದೇ ಎಮ್ಮೆಗಳು, ಅದೇ ಗಡಿಗೆಗಳು. ಪಾಷಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ನೋಡಿದಿರಾ ಎನ್ನುವಂತೆ ಹುಬ್ಬು ಹಾರಿಸುತ್ತಿದ್ದ. ಧಾಟಿ ಆ ಜಾಗಕ್ಕೆ ಬಂತು. ಟಿರಿಕಿ ಟಿರಿಕಿ ಟಂ. ಮತೀನ್ ಅಭ್ಯಾಸದ ಬಲದಿಂದ ಕೈ ಎತ್ತಿದ.

ಧಾಟಿ ನಿಲ್ಲಲಿಲ್ಲ. ಎಕ್ಸ್‌ಪ್ರೆಸ್ ರೈಲು ಮಟಮಾರಿಯಂಥ ಸಣ್ಣ ಸ್ಟೇಷನ್ನನ್ನು ದಾಟಿ ಹೋಗುವ ಹಾಗೆ, ಆ ಕಡೆ ಈ ಕಡೆ ನೋಡದೆ ಹೊರಟೇ ಹೋಯಿತು. ಮತೀನನ ಕೈ ಗಾಳಿಯಲ್ಲೇ ಉಳಿಯಿತು. ಅಷ್ಟೇ ಅಲ್ಲ, ಆಮೇಲೆ ಬಂದದ್ದು ಯಾರೂ ಎಂದೂ ಕೇಳಿರದ ಒಂದು ಭಾಗ. ಪಿಯಾನೋ ಇಳಿದು, ಮೆತ್ತಗಾಗಿ, ತನ್ನಷ್ಟಕ್ಕೆ ತಾನೇ ಏನೋ ಹೇಳಿಕೊಂಡು ಹೋಗುವಂಥದು. ಅದು ಮುಗಿದ ಮೇಲಷ್ಟೇ ಎಲ್ಲರಿಗೂ ಗೊತ್ತಿದ್ದ ಓಟ ಬಂತು.

ಪಾಷಾ ಎದ್ದು ಸ್ಪೀಕರನ್ನು ಎರಡು ಸಲ ತಟ್ಟಿ ನೋಡಿ ಮತ್ತೆ ಕೂತ.

“ನಯೀಮ್, ನಿನ್ನ ಫೋನ್ ಕೆಟ್ಟದ.”

“ಫೋನ್ ಕೆಟ್ಟಿಲ್ಲ ಮಾಮೂ.”

“ಹಂಗಾರ ಅಮೆರಿಕಾದವ್ರು ಕೆಡಿಸ್ಯಾರ. ಧೂಳ ತಗಿಯಾಕ ಹೋಗಿ ಮಾಲೂ ಬಳದಾರ.”

“ಮಾಮೂ...” ನಯೀಮನಿಗೆ ನಗು ಬರುತ್ತಿತ್ತು, ಆದರೆ ಮಾಮೂನ ಮುಖ ನೋಡಿ ನುಂಗಿಕೊಂಡ. “ನಿಮ್ಮ ಉಸ್ತಾದರ ಪ್ಲೇಟಿಗಿ ಗೀರು ಬಿದ್ದಿತ್ತು. ಮುಳ್ಳು ಅಲ್ಲೇ ಸಿಕ್ಕೊಂಡು ಸುತ್ತತಿತ್ತು. ಅವರು ಮೇಜು ಗುದ್ದಿದ್ದು ತಾಳಕ್ಕಲ್ಲ, ಮುಳ್ಳು ಬಿಡಸಾಕ. ಗುದ್ದಿದಾಗ ಮುಳ್ಳು ಹಾರತಿತ್ತು. ನಡುವಿನ ತುಕಡಿ ನೀವು ಕೇಳೇ ಇಲ್ಲ.”

“ಅಂದ್ರ ಇಷ್ಟು ವರ್ಷ ಮಾಸ್ತರು ಬಾರಿಸಿದ್ದು...” ಎಂದ ಚಹಾದವನು.

“ಗೀರು,” ಎಂದ ಮತೀನ್.

ಪಾಷಾ ಎದ್ದು ನಿಂತ. ಟೋಪಿ ತೆಗೆದ. ಒಳಗಿನ ಬೋಳುತಲೆ ಎಷ್ಟೋ ವರ್ಷಗಳ ಮೇಲೆ ಹಗಲು ಕಂಡು ಕಣ್ಣು ಕಿರಿದು ಮಾಡಿದಂತಿತ್ತು. ಟೋಪಿಯನ್ನು ನಯೀಮನ ಕೈಗಿಟ್ಟು ಮನೆಯ ಕಡೆ ನಡೆದ. ನಯೀಮ್ ಹಾಕಿಕೊಂಡು ನೋಡಿದ. ಕಿವಿ ದಾಟಿ ಮೂಗಿನ ತನಕ ಇಳಿಯಿತು. ತೆಗೆದು ಕ್ಲಾರಿನೆಟ್ಟಿನ ಪೆಟ್ಟಿಗೆಯಲ್ಲಿಟ್ಟ.

ವಾಹಿದಾ ಬಜಾರದಲ್ಲಿ ಬಳೆ ಮಾರುವವಳು. ಆ ದಿನ ಅಂಗಡಿ ಮುಚ್ಚಿ ಊಟಕ್ಕೆ ಬಂದರೆ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಅವರದು ಮನೆಯಲ್ಲಿ ದಖ್ಖನಿ ಮಾತು. ಇಲ್ಲಿ ಕನ್ನಡಕ್ಕೆ ತಂದದ್ದಾಗಿದೆ, ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದಕ್ಕೇ.

“ಅಜೀ, ಏನಾತು? ಯಾರು ಹೋದ್ರು?”

“ನಾನೇ ಹೋದೆ. ವಾಹಿದಾ, ಜಿಲ್ಲಾದಾಗಿನ ಅರ್ಧ ಮದುವಿ ಗೀರಿನ ಮ್ಯಾಲ ಮಾಡಿಸೀನಿ ನಾ. ಅವೆಲ್ಲ ಕೂಡ್ಯಾವೋ ಇಲ್ಲೋ? ನಮ್ಮ ನಿಕಾಹ್‌ದಾಗೂ ಅದೇ ಗೀರು!”

“ಅದಕ್ಕ ನೋಡ್ರಿ, ನಾ ಇನ್ನೂ ಇಲ್ಲೇ ಸಿಕ್ಕೊಂಡೀನಿ. ಒಬ್ಬರೂ ಬಂದು ಗುದ್ದಿ ಬಿಡಸ್ಲಿಲ್ಲ. ಏಳ್ರಿ, ಉಣ್ರಿ.”

ಪಾಷಾ ಏಳಲಿಲ್ಲ. ಅವಳು ನಯೀಮನಿಂದ ಫೋನು ತರಿಸಿ, ಪಿಂಕನಿ ಹಾಕಿ, ಅನ್ನ ಬಡಿಸುತ್ತಲೇ ಕೇಳಿದಳು. ಒಂದು ಮುಗಿಯಿತು. ಮತ್ತೆ ಅದೇ ಹೆಸರಿನ ಧಾಟಿ ಬಂತು, ಬೇರೆ ಥರ. ಮೂರನೆಯದೂ ಬಂತು, ಇನ್ನೂ ಬೇರೆ ಥರ. ಕಂಪನಿಯವರು ಪಿಂಕ್ನಿ ಆ ದಿನ ಸ್ಟುಡಿಯೋದಲ್ಲಿ ಎಷ್ಟು ಸಲ ಬಾರಿಸಿದ್ದನೋ ಅಷ್ಟನ್ನೂ ಹಾಕಿಬಿಟ್ಟಿದ್ದರು. ಒಂದರಲ್ಲಿ ಟಿರಿಕಿ ಮುಂಚೆಯೇ ಬರುತ್ತದೆ. ಇನ್ನೊಂದರಲ್ಲಿ ಬರುವುದೇ ಇಲ್ಲ.

“ಈ ಮನುಷ್ಯ ಮೂರು ಸಲ ಬಾರಿಸ್ಯಾನ, ಮೂರೂ ಬ್ಯಾರೆ. ನಿಮ್ಮ ಎಳ್ಳುಕಾಳು ಯಾವುದರಾಗ ಅದ?”

ಪಾಷಾ ಗೋಡೆಗೆ ಹೇಳಿದ: “ಪ್ಲೇಟಿನ್ಯಾಗಿದ್ದದ್ದು ಮೊದಲನೇದು. ಅದೇ ಖರೇ. ನಾ ಅದನ್ನ ಕಲೀತೀನಿ. ಪ್ಲೇಟಿನ್ಯಾಗ ಹೆಂಗದ ಹಂಗ ಒಮ್ಮೆ ಬಾರಿಸಿ, ಆಮ್ಯಾಲ ಕ್ಲಾರಿನೆಟ್ ಕೆಳಗ ಇಡ್ತೀನಿ. ಗೀರಿನ ಮಾಸ್ತರು ಅನ್ನಿಸ್ಕೊಂಡು ಸಾಯೂದಿಲ್ಲ ನಾ.”

ಅವನು ಹೇಳಿದ್ದು ಸಿಟ್ಟಿನ ಮಾತಾಗಿರಲಿಲ್ಲ. ವಾಹಿದಾ ಅದನ್ನು ಗುರುತಿಸಿದಳು. ಕ್ಲಾರಿನೆಟ್ ಕೆಳಗಿಟ್ಟರೆ ಈ ಮನುಷ್ಯನ ಒಳಗಿನ ಗಾಳಿಗೆ ದಾರಿ ಎಲ್ಲಿ ಎಂದು ಯೋಚಿಸುತ್ತ ಅನ್ನದ ಮೇಲೆ ತಟ್ಟೆ ಮುಚ್ಚಿದಳು.

ಆಗ ಕೈಯಲ್ಲಿದ್ದದ್ದು ದೇವದುರ್ಗದ ಮದುವೆ. ರಾಯಚೂರಿನ ಅಕ್ಕಿ ಗಿರಣಿಯ ಮಹಾಂತಯ್ಯನ ಮಗಳು ಸುನಂದಾ, ವರ ದೇವದುರ್ಗದ ಶಿವರಾಜ. ಮಹಾಂತಯ್ಯನ ಮದುವೆಗೂ ಪಾಷಾನದೇ ಬ್ಯಾಂಡ್ ಇತ್ತು. ಪಾಷಾ ಬ್ಯಾಂಡಿನವರನ್ನೆಲ್ಲ ಕೂರಿಸಿ ಹೊಸ ಪಿಂಕನಿಯ ತಾಲೀಮು ಹಚ್ಚಿದ. ಗೀರಿಲ್ಲದ ಬೀಬಾಪ್ ಎಂದರೆ ಉಸಿರಿಗೆ ತಾವಿಲ್ಲದ ಬೀಬಾಪ್. ಟ್ರಂಪೆಟ್ಟಿನವನ ಕೆನ್ನೆ ಪೂರಿಯಂತೆ ಉಬ್ಬಿ ರಾತ್ರಿಯಾದರೂ ಇಳಿಯಲಿಲ್ಲ. ಹೆಂಡತಿ ಎರಡು ಕೈಯಿಂದ ಒತ್ತಿ ಮಲಗಿಸಬೇಕಾಯಿತು. ಈಗ ಹೆದರಿದವನು ನಯೀಮ್.

“ಮಾಮೂ, ನಾ ತಮಾಷಿ ಮಾಡಿದೆ. ಹಳೇದನ್ನೇ ಬಾರಿಸೋಣ. ಜನಕ್ಕ ಅದೇ ಬೇಕಾಗೇದ.”

“ತಪ್ಪು ಗೊತ್ತಾದ ಮ್ಯಾಲೂ ತಪ್ಪೇ ಬಾರಿಸ್ಲೇನು?”

“ಸ್ವಾದರಮಾವ ಏನು ಮಾಡಬೇಕು ಮತ್ತ?”

“ಅಂವ ಅಕ್ಕಿಕಾಳು ಹಾಕಲಿ.”

ಮದುವೆಯ ದಿನ ದೇವದುರ್ಗದಲ್ಲಿ ಎಂಥ ಬಿಸಿಲೆಂದರೆ ನೆರಳುಗಳೆಲ್ಲ ಮನುಷ್ಯರನ್ನು ಬಿಟ್ಟು ಗೋಡೆಯ ಮಗ್ಗುಲಿಗೆ ಹೋಗಿ ಕೂತಿದ್ದವು. ಬರಿತಲೆಯ ಪಾಷಾನನ್ನು ನೋಡಿ ಮಹಾಂತಯ್ಯನಿಗೆ ಮೊದಲು ಗುರುತೇ ಸಿಗಲಿಲ್ಲ.

“ಮಾಸ್ತರ, ಟೋಪಿ ಎಲ್ಲದ?”

“ರಿಪೇರಿಗಿ ಕೊಟ್ಟೀನ್ರೀ,” ಎಂದ ಪಾಷಾ. ತಲೆಯನ್ನು ಕೊಟ್ಟಿದ್ದೇನೋ ಟೋಪಿಯನ್ನು ಕೊಟ್ಟಿದ್ದೇನೋ ಎಂದು ಅವನಿಗೇ ಖಾತ್ರಿ ಇರಲಿಲ್ಲ.

ಹನುಮಂತ ದೇವರ ಗುಡಿಯಿಂದ ಮೆರವಣಿಗೆ ಹೊರಟಿತು. ಮಂಟಪದ ಬಾಗಿಲಲ್ಲಿ ಸುನಂದಾಳ ಸ್ವಾದರಮಾವ ಮಲ್ಲಯ್ಯ ನಿಂತಿದ್ದ. ಮಲ್ಲಟ ಎಂಬ ಊರಿನ ಒಕ್ಕಲುತನದವನು, ಎರಡು ಎತ್ತು ಒಂದು ಕಡೆ ನಿಂತರೆ ಇನ್ನೊಂದು ಕಡೆ ಅವನೊಬ್ಬ ಸಾಕು. ಅಕ್ಕ ಶರಣಮ್ಮ ಸುನಂದಾಳನ್ನು ಹೆತ್ತ ದಿನವೇ, ಈಕೆಯ ಮದುವೆಯಲ್ಲಿ ಪಿಂಕನಿಗೆ ಪೆಟ್ಟು ಹಾಕುವವನು ತಾನು ಎಂದು ಸಾರಿದ್ದ. ಅಂದಿನಿಂದ ಆ ಬಲಗೈಯನ್ನು ಜೋಪಾನ ಮಾಡಿಕೊಂಡು ಬಂದಿದ್ದನಂತೆ. ಕಲ್ಲಿನಂಥ ಮಣ್ಣಿನ ಹೆಂಟೆಯನ್ನೂ ಎಡಗೈಯಿಂದಲೇ ಒಡೆಯುತ್ತಿದ್ದ. ಈಗ ಹೊಸ ಶಲ್ಯ, ಮೀಸೆಗೆ ಎಣ್ಣೆ, ಕೈಕಟ್ಟಿ ಮುಖ ಊದಿಸಿಕೊಂಡು ನಿಂತಿದ್ದ.

ಪಾಷಾ ಊದಿದ. ಟಿರಿಕಿ ಟಿರಿಕಿ ಟಂ. ಮಲ್ಲಯ್ಯ ಮುಖವನ್ನು ಆಚೆ ತಿರುಗಿಸಿದ. ಶಿವರಾಜನ ಕಡೆಯವರು ಎಲೆ ಅಡಿಕೆ ಹಿಡಿದು ಮುಂದೆ ಬಂದರು.

ಬ್ಯಾಂಡು ನಿಲ್ಲಲಿಲ್ಲ. ಮಲ್ಲಯ್ಯನ ಪಕ್ಕದಿಂದಲೇ ಊದುತ್ತ, ಬಡಿಯುತ್ತ ಮಂಟಪದ ಒಳಗೆ ಹೊರಟುಹೋಯಿತು. ಒಳಗೆ ಹೋಗಿ, ಧಾಟಿಯನ್ನು ಪ್ಲೇಟಿನಲ್ಲಿದ್ದಂತೆಯೇ, ಎಳ್ಳುಕಾಳೂ ಆಚೀಚೆ ಇಲ್ಲದಂತೆ ಮುಗಿಸಿತು. ಪಾಷಾ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಮೆರವಣಿಗೆ ಬಾಗಿಲ ಹೊರಗೇ ಇತ್ತು. ಪೆಟ್ಟು ಬೀಳದೆ ಹೊಸ್ತಿಲು ದಾಟಲು ಯಾರಿಗೂ ಕಾಲು ಬರುತ್ತಿಲ್ಲ. ಎಲೆ ಅಡಿಕೆ ಹಿಡಿದವರ ಕೈ ಹಾಗೇ ಇದೆ. ಮಲ್ಲಯ್ಯನ ಕೈಯೂ ಹಾಗೇ ಇದೆ, ಕಟ್ಟಿಕೊಂಡೇ. ಅವನು ನಿಧಾನವಾಗಿ ಎಲ್ಲರನ್ನೂ ನೋಡಿದ. ಆಮೇಲೆ ಬಾಗಿಲ ನಡುವೆ, ಆ ಬಿಸಿಲಲ್ಲಿ, ಹೊಸ ಶಲ್ಯದ ಮೇಲೇ ಕೂತುಬಿಟ್ಟ.

“ನನ್ನ ಬಿಟ್ಟು ಹೋದ್ರೇನು? ಹೋಗ್ರಿ. ನನ್ನ ದಾಟಿ ಒಬ್ಬರು ಒಳಗ ಹೋಗ್ರಿ ನೋಡೋಣ.”

“ಮಲ್ಲಯ್ಯ, ಏಳೋ ಯಪ್ಪಾ, ಮುಹೂರ್ತ ಬಂತು!” ಎಂದು ಮಹಾಂತಯ್ಯ ಕೈಮುಗಿದ.

“ಮುಹೂರ್ತ ಬರ್ತದ ಹೋಗ್ತದ ಭಾವ. ಮಾವನ ಮರ್ಯಾದಿ ಒಮ್ಮೆ ಹೋದ್ರ ಬರ್ತದೇನು? ಅಕ್ಕ, ನೀನ ಹೇಳು. ಮಗಳು ಹುಟ್ಟಿದಾಗಿಂದ ಈ ಕೈಲೆ ಒಂದು ಸೊಳ್ಳಿ ಹೊಡದೀನೇನು?”

ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಷಾ ಮಾಸ್ತರ, ನಮ್ಮ ಹುಡುಗಿ ಮದಿವಿಗೇ ಹಿಂಗ್ಯಾಕ ಮಾಡಿದ್ರಿ?” ಎಂದಳು.

ಆ ಮಾತು ಪಾಷಾನ ಎದೆಗೆ ನೇರ ಬಂದು ಕೂತಿತು. ಮದುವೆಗಳನ್ನು ಗೀರಿನ ಮೇಲೆ ಮಾಡಿಸಿದ್ದಕ್ಕೆ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಸರಿಯಾಗಿ ಬಾರಿಸಿದ್ದಕ್ಕೆ ಕೇಳುತ್ತಿದ್ದಾರೆ. ಬಾಗಿಲ ಹೊರಗೆ ಶಿವರಾಜನ ಬಾಸಿಂಗದ ಹೂವು ಒಂದೊಂದಾಗಿ ಜೋತು ಬೀಳುತ್ತಿದ್ದವು. ಮಲ್ಲಯ್ಯ ಕೂತಲ್ಲಿಂದ ಅಲುಗುತ್ತಿರಲಿಲ್ಲ. ಅವನ ಎಣ್ಣೆಯ ಮೀಸೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ಪಾಷಾನಿಗೆ ವಾಹಿದಾ ಹೇಳಿದ್ದು ತಟ್ಟನೆ ತಲೆಗೆ ಬಂತು. ಮೂರು ಸಲ ಬಾರಿಸ್ಯಾನ, ಮೂರೂ ಬ್ಯಾರೆ. ಆ ಪಿಂಕನಿ ಸಾಬ್ ತನ್ನದನ್ನೇ ತಾನು ಎರಡು ಸಲ ಒಂದೇ ಥರ ಬಾರಿಸಲಿಲ್ಲ. ನಾಲ್ಕನೆಯ ಸಲ ಅವನು ಈ ಬಾಗಿಲಿಗೆ ಬಂದಿದ್ದರೆ ಏನು ಮಾಡುತ್ತಿದ್ದ? ಇಂಥ ಮನುಷ್ಯ ಅಡ್ಡ ಕೂತದ್ದನ್ನು ನೋಡಿಯೂ ಎಕ್ಸ್‌ಪ್ರೆಸ್ ರೈಲಿನ ಹಾಗೆ ಮಟಮಾರಿ ದಾಟುತ್ತಿದ್ದನೇ?

ಪಾಷಾ ಹೊರಗೆ ಬಂದು ಮಲ್ಲಯ್ಯನ ಮುಂದೆ ಬಗ್ಗಿದ.

“ಮಲ್ಲಯ್ಯ, ಏಳಪ್ಪ. ಈಗ ಬಾರಿಸಿದ್ದು ಖಾಲಿ ತಾಲೀಮು.”

“ತಾಲೀಮಾ?”

“ತಾಲೀಮು. ಕ್ಲಾರಿನೆಟ್ ಬಿಸಿಲಿಗಿ ಬಿಗಿದಿತ್ತು, ಸಡಲು ಮಾಡಿಕೊಂಡ್ವಿ. ಅಸಲಿ ಪಿಂಕನಿ ಈಗ ಬರ್ತದ. ನೀ ಸಿಟ್ಟಿಲೇ ಇರು, ಸಿಟ್ಟು ಬಿಡಬ್ಯಾಡ. ಶಾಸ್ತ್ರಕ್ಕ ಬೇಕು.”

ಮಲ್ಲಯ್ಯ ಎದ್ದ. ಶಲ್ಯ ಝಾಡಿಸಿದ. ಕೈಕಟ್ಟಿದ. ಬ್ಯಾಂಡಿನವರು ಗುಡಿಯ ಕಡೆಗೆ ಸ್ವಲ್ಪ ದೂರ ಹಿಂದೆ ಹೋಗಿ ಮತ್ತೆ ಬಂದರು. ಪಿಂಕನಿ ಎದ್ದಿತು, ಎಮ್ಮೆಗಳು ಬೆದರಿದವು, ಬಾಗಿಲಿಗೆ ಬಂತು.

ಟಿರಿಕಿ ಟಿರಿಕಿ ಟಂ.

ಮತ್ತೆ ಅದೇ. ಜನರ ಎದೆಯಿಂದ ಒಂದು ಉಸಿರು ಹೊರಬಿತ್ತು. ಆ ಗಾಳಿಗೆ ಮಂಟಪದ ತೋರಣ ಒಂದು ಸಲ ಮೇಲಕ್ಕೆದ್ದು ಇಳಿಯಿತು. ಮಲ್ಲಯ್ಯ ಮುಖ ತಿರುಗಿಸಿದ. ಶಿವರಾಜ ಎಲೆ ಅಡಿಕೆ ಕೊಟ್ಟ, ಮಾವ ಬೇಡವೆಂದ. ಬೀಗರು ಗದ್ದ ಹಿಡಿದರು, ಆಗಲಿಲ್ಲ. ಹೆಂಗಸರು ಅವನ ಮೀಸೆಯನ್ನು ಹೊಗಳಿ ಹಾಡು ಕಟ್ಟಿದರು, ತುಟಿಯ ತುದಿ ಸ್ವಲ್ಪ ಅಲುಗಿತು. ಕೊನೆಗೆ ಸುನಂದಾಳೇ ಒಳಗಿನಿಂದ, “ಮಾವಾ, ಹಸಿವಿ ಆಗ್ಯಾದ, ಲಗೂ ಹೊಡಿ!” ಎಂದು ಕೂಗಿದಳು.

ಮಲ್ಲಯ್ಯ ಕೈ ಎತ್ತಿದ. ಇಷ್ಟು ವರ್ಷ ಕೂಡಿಟ್ಟ ಪೆಟ್ಟು ಅದು. ಬಿದ್ದ ಸದ್ದಿಗೆ ಕೃಷ್ಣಾ ನದಿಯ ಮೊಸಳೆಗಳು ದಡಕ್ಕೆ ಬಂದು ನೋಡಿದವು. ಡ್ರಮ್ಮಿನ ಹಿಂದಿದ್ದ ಮತೀನ್ ಡ್ರಮ್ಮಿನ ಸಮೇತ ಹೊಸ್ತಿಲು ದಾಟಿ ಮಂಟಪದ ಒಳಗಿದ್ದ.

ಅಲ್ಲಿ ಪಾಷಾ ಯಾರಿಗೂ ಹೇಳದ ಒಂದು ಕೆಲಸ ಮಾಡಿದ. ಪೆಟ್ಟು ಬಿದ್ದ ಮೇಲೆ ಹಾರಿ ಓಟಕ್ಕೆ ಬೀಳುವ ಬದಲು, ಮುಳ್ಳು ಹಾರಿ ಬಿಟ್ಟಿದ್ದ ಆ ಮೆತ್ತನೆಯ ತುಕಡಿಯನ್ನು ಊದಿದ. ಈ ಸೀಮೆಯ ಮದುವೆಯೊಂದರಲ್ಲಿ ಶಾಸ್ತ್ರದ ಜೊತೆ ಅದು ಕೇಳಿದ್ದು ಅದೇ ಮೊದಲು. ಮುನಿಸು ಬಿಟ್ಟ ಮಾವನನ್ನು ಅಕ್ಕ ಕೈಹಿಡಿದು ಒಳಗೆ ಕರೆದೊಯ್ಯಲು ಹದವಾದ ನಡಿಗೆ ಅದರಲ್ಲಿತ್ತು. ಶರಣಮ್ಮ ಕರೆದೊಯ್ದಳು. ಆಮೇಲೆ ಓಟ ಬಂತು, ಜನ ಹೋ ಎಂದು ನುಗ್ಗಿದರು, ಮುಹೂರ್ತ ಬಾಗಿಲಲ್ಲಿ ಕಾದು ನಿಂತಿತ್ತು, ಸಿಕ್ಕಿತು.

ಅಕ್ಕಿಕಾಳು ಬಿದ್ದ ಮೇಲೆ ಬ್ಯಾಂಡಿನವರು ಮಂಟಪದ ಹಿಂದಿನ ಬೇವಿನ ನೆರಳಿನಲ್ಲಿ ಕೂತರು. ಮಹಾಂತಯ್ಯ ತಾನೇ ಬುಟ್ಟಿ ಹಿಡಿದು ಬಂದು ಹೋಳಿಗೆ ಬಡಿಸಿದ, ಪಾಷಾನ ಎಲೆಗೆ ತುಪ್ಪ ಸುರಿದ. ಪಾಷಾ ಬೆನ್ನನ್ನು ಮರಕ್ಕೆ ಕೊಟ್ಟು ಕಾಲು ಚಾಚಿದ. ಕೆಳಗಿಡುತ್ತೇನೆ ಎಂದಿದ್ದ ಕ್ಲಾರಿನೆಟ್ಟು ಇನ್ನೂ ತೊಡೆಯ ಮೇಲೇ ಇತ್ತು. ಎದೆಯ ಮೇಲಿಂದ ಒಂದು ಅಂಡಿಗೆ ಇಳಿದಷ್ಟು ಹಗುರವಾಗಿತ್ತು.

ನಯೀಮ್ ಕ್ಲಾರಿನೆಟ್ಟಿನ ಪೆಟ್ಟಿಗೆಯಿಂದ ಟೋಪಿ ತೆಗೆದು ಮಾಮೂನ ತಲೆಗಿಟ್ಟ. ಮತೀನ್, “ಹಾಂ, ಈಗ ಮಾಸ್ತರ ಮುಖ ಗುರುತು ಸಿಕ್ತು” ಎಂದ. ಆದರೆ ನಯೀಮನಿಗೆ ಹೋಳಿಗೆ ಅರಗಬೇಕಲ್ಲ.

“ಎಲ್ಲಾ ಖರೇ ಮಾಮೂ. ಆದ್ರೂ ಒಂದು ಮಾತು. ಪಿಂಕನಿ ಸಾಬ್ ಮೂರು ಸಲ ಬಾರಿಸಿದ್ರೂ ಒಮ್ಮೆನೂ ಅಲ್ಲಿ ನಿಂತಿಲ್ಲ ನೋಡ್ರಿ.”

ಪಾಷಾ ಹೋಳಿಗೆಯ ಇನ್ನೊಂದು ತುತ್ತು ಮುರಿದ, ತುಪ್ಪದಲ್ಲಿ ಅದ್ದಿದ.

“ನಿಂತಿದ್ರ ಅಲ್ಲೇ ಉಳೀತಿದ್ದ, ಪಾಪ. ನ್ಯೂಯಾರ್ಕಿನ್ಯಾಗ ಅಂವಗ ಮಲ್ಲಯ್ಯ ಎಲ್ಲಿ ಸಿಗತಿದ್ದ, ಹೇಳು!”